ಕೆಂಪು ಬಾವುಟದ ಮೂಲೆಯಲ್ಲಿ ನಮ್ಮ ತ್ರಿವರ್ಣ ಯಾಕೆ?

ಪ್ರಶ್ನೆ: ನಾನು ಕಾರವಾರದ ಹತ್ತಿರ ಪ್ರಾಥಮಿಕ ಶಾಲೆಯ ಮಾಸ್ತರ. ಮಕ್ಕಳನ್ನು ಬೈತಖೋಲ ಬಂದರಿನ ಕಡೆ ಕರೆದುಕೊಂಡು ಹೋಗಿದ್ದೆ. ಒಂದು ಹಡಗಿನ ಹಿಂಭಾಗದಲ್ಲಿ ಕೆಂಪು ಬಾವುಟ ಹಾರುತ್ತಿತ್ತು. ಅದರ ಮೂಲೆಯಲ್ಲಿ ಚಿಕ್ಕದಾಗಿ ನಮ್ಮ ರಾಷ್ಟ್ರಧ್ವಜ. ‘ನಮ್ಮ ಬಾವುಟಾನ ಮೂಲೆಗೆ ಹಾಕಿದ್ದಾರಲ್ಲ ಸರ್, ತಪ್ಪಲ್ವಾ?’ ಅಂತ ಒಬ್ಬ ಹುಡುಗಿ ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಇನ್ನೊಂದು ತೊಂದರೆ. ಆಗಸ್ಟ್ 15ಕ್ಕೆ ನಮ್ಮಲ್ಲಿ ಮಳೆ ಬಿಟ್ಟಿರುವುದಿಲ್ಲ. ಹಗ್ಗ ಎಳೆದರೆ ಬಾವುಟ ಬಿಚ್ಚಿಕೊಳ್ಳುವುದೇ ಇಲ್ಲ. ಹರಿದ ಹಳೆಯ ಬಾವುಟಗಳು ಕಪಾಟಿನಲ್ಲಿ ಸೇರಿಕೊಂಡಿವೆ. ಸಮುದ್ರಕ್ಕೆ ಬಿಡಿ ಅಂತ ಊರವರು ಹೇಳುತ್ತಾರೆ. ಏನು ಮಾಡಲಿ? ಬಾವುಟದ ಅರ್ಥವನ್ನು ಮಕ್ಕಳಿಗೆ ಹೇಗೆ ಹೇಳಲಿ?

ಉತ್ತರ: ಮಾಸ್ತರೇ, ಮೊದಲು ಆ ಹುಡುಗಿಗೆ ಒಂದು ಶಾಬಾಸ್ ಹೇಳಿ. ಬಂದರಿಗೆ ಹೋದವರು ಹಡಗು ನೋಡುತ್ತಾರೆ. ಅದರ ಹಿಂದೆ ಹಾರುವ ಬಟ್ಟೆಯನ್ನು ನೋಡಿ ಪ್ರಶ್ನೆ ಕೇಳುವವರು ಕಡಿಮೆ. ನಾನು ಬಂದರಿನ ಕೆಲಸದಲ್ಲೇ ಬದುಕು ಕಳೆದವನು. ನನ್ನ ಹತ್ತಿರ ಈ ಪ್ರಶ್ನೆ ಬಂದಾಗ ಖುಷಿಯಾಯಿತು.

ಅದು ತಪ್ಪಲ್ಲ. ಭಾರತದಲ್ಲಿ ನೋಂದಣಿಯಾದ ವ್ಯಾಪಾರಿ ಹಡಗುಗಳಿಗೆ ಇರುವ ಬಾವುಟವೇ ಅದು. ಪೂರ್ತಿ ಕೆಂಪು, ಕಂಬದ ಪಕ್ಕದ ಮೇಲಿನ ಮೂಲೆಯಲ್ಲಿ ತ್ರಿವರ್ಣ. ಮೂಲೆಗೆ ಹಾಕಿದ್ದಾರೆ ಅಂತ ಹುಡುಗಿಗೆ ಅನ್ನಿಸಿದ್ದು ಸಹಜ. ಆದರೆ ಬಾವುಟದ ಲೆಕ್ಕದಲ್ಲಿ ಅದೇ ದೊಡ್ಡ ಮರ್ಯಾದೆಯ ಜಾಗ. ಗಾಳಿ ಬಿದ್ದು ಬಾವುಟ ಜೋತುಬಿದ್ದರೂ ಕಂಬದ ಪಕ್ಕದ ಆ ಭಾಗ ಸ್ವಲ್ಪವಾದರೂ ಕಾಣುತ್ತದೆ. ಜೋರು ಗಾಳಿಗೆ ಹರಿಯುವುದು ಯಾವಾಗಲೂ ಆಚೆ ತುದಿಯಿಂದ. ಕಂಬದ ಪಕ್ಕದ ಮೂಲೆ ಕೊನೆಯವರೆಗೂ ಉಳಿಯುತ್ತದೆ.

ನೌಕಾಪಡೆಯ ಹಡಗಿನಲ್ಲಿ ಇದೇ ಕ್ರಮ, ಬಣ್ಣ ಮಾತ್ರ ಬಿಳಿ. 2022ರ ಸೆಪ್ಟೆಂಬರ್ 2ರಂದು ಕೊಚ್ಚಿಯಲ್ಲಿ ವಿಕ್ರಾಂತ್ ಹಡಗು ಸೇವೆಗೆ ಸೇರಿದ ದಿನವೇ ನೌಕಾಪಡೆಯ ಬಾವುಟವೂ ಬದಲಾಯಿತು. ಬ್ರಿಟಿಷರ ಕಾಲದಿಂದ ಬಂದಿದ್ದ ಕೆಂಪು ಶಿಲುಬೆ ಹೋಯಿತು. ಅದರ ಜಾಗದಲ್ಲಿ ಎಂಟು ಮೂಲೆಯ ನೀಲಿ ಚಿಹ್ನೆ, ಒಳಗೆ ಲಂಗರು, ‘ಶಂ ನೋ ವರುಣಃ’ ಎಂಬ ಮಾತು ಬಂತು. ಮೇಲಿನ ಮೂಲೆಯ ತ್ರಿವರ್ಣ ಹಾಗೇ ಇದೆ. ಕರಾವಳಿ ಕಾವಲು ಪಡೆಯದು ನೀಲಿ ಬಾವುಟ, ಅದರ ಮೂಲೆಯಲ್ಲೂ ತ್ರಿವರ್ಣ. ಕದಂಬ ನೌಕಾನೆಲೆ ಪಕ್ಕದಲ್ಲೇ ಇರುವ ನಿಮ್ಮ ಮಕ್ಕಳಿಗೆ ಈ ಮೂರನ್ನೂ ಕಣ್ಣಾರೆ ನೋಡುವ ಅವಕಾಶ ಇದೆ. ಬಿಳಿಯಾದರೆ ನೌಕಾಪಡೆ, ನೀಲಿಯಾದರೆ ಕಾವಲು ಪಡೆ, ಕೆಂಪಾದರೆ ಸರಕಿನ ಹಡಗು. ಒಂದು ಸಲ ಹೇಳಿಕೊಟ್ಟರೆ ಮರೆಯುವುದಿಲ್ಲ.

ಹಡಗಿಗೆ ಬಾವುಟ ಯಾಕೆ ಬೇಕು ಅನ್ನುವುದು ಇದಕ್ಕಿಂತ ದೊಡ್ಡ ಮಾತು. ಬಾವುಟದ ಅರ್ಥ ಹೇಗೆ ಹೇಳಲಿ ಅಂದಿರಲ್ಲ, ನಾನಾಗಿದ್ದರೆ ಬಣ್ಣಗಳಿಂದ ಶುರು ಮಾಡುತ್ತಿರಲಿಲ್ಲ. ಸಮುದ್ರದಿಂದ ಶುರು ಮಾಡುತ್ತಿದ್ದೆ.

ಸಮುದ್ರದಲ್ಲಿ ಗಡಿಕಲ್ಲು ಇಲ್ಲ, ಪೊಲೀಸ್ ಠಾಣೆ ಇಲ್ಲ. ದಡದಿಂದ 12 ನಾಟಿಕಲ್ ಮೈಲು ದಾಟಿದರೆ ನಮ್ಮ ಪ್ರಾದೇಶಿಕ ಸಮುದ್ರ ಮುಗಿಯುತ್ತದೆ. 200 ಮೈಲಿನವರೆಗೆ ಮೀನು, ತೈಲದಂಥ ಸಂಪತ್ತಿನ ಹಕ್ಕು ನಮ್ಮದು. ಅದರಾಚೆ ಎಲ್ಲರ ಸಮುದ್ರ. ಅಲ್ಲಿ ಒಂದು ಹಡಗಿನಲ್ಲಿ ಹೊಡೆದಾಟ ಆಯಿತು ಅಂದುಕೊಳ್ಳಿ. ಅಥವಾ ಮಾಲೀಕ ಕೆಲಸಗಾರರಿಗೆ ಸಂಬಳ ಕೊಡಲಿಲ್ಲ. ಯಾವ ದೇಶದ ಕಾನೂನು ನಡೆಯಬೇಕು? ಹಡಗಿನ ಬಾವುಟ ಯಾವ ದೇಶದ್ದೋ ಆ ದೇಶದ್ದು. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದ ಇದನ್ನೇ ಹೇಳುತ್ತದೆ. ಒಂದು ಹಡಗಿಗೆ ಒಂದೇ ದೇಶದ ಬಾವುಟ. ಅನುಕೂಲ ನೋಡಿಕೊಂಡು ಎರಡು ಬಾವುಟ ಬದಲಿಸುತ್ತಾ ಹೋದರೆ ಅದಕ್ಕೆ ದೇಶವೇ ಇಲ್ಲ ಅಂತ ಲೆಕ್ಕ ಹಿಡಿಯಬಹುದು. ಆಗ ಯಾವ ದೇಶವೂ ಅದರ ಪರ ನಿಲ್ಲಬೇಕಾಗಿಲ್ಲ.

ಮೀನುಗಾರರ ಮಕ್ಕಳಿಗೆ ಈ ಉದಾಹರಣೆ ಕೊಡಿ. 2012ರ ಫೆಬ್ರವರಿ 15ರಂದು ಕೇರಳದ ಆಚೆ ಸಮುದ್ರದಲ್ಲಿ ‘ಸೇಂಟ್ ಆಂಟನಿ’ ಎಂಬ ಮೀನುಗಾರಿಕೆ ಬೋಟಿನ ಇಬ್ಬರು ಗುಂಡೇಟಿಗೆ ಸತ್ತರು. ಗುಂಡು ಹಾರಿಸಿದ್ದು ‘ಎನ್ರಿಕಾ ಲೆಕ್ಸಿ’ ಎಂಬ ಹಡಗಿನಲ್ಲಿದ್ದ ಇಟಲಿಯ ನೌಕಾ ಯೋಧರು. ಹಡಗಿನ ಬಾವುಟವೂ ಇಟಲಿಯದು. ವಿಚಾರಣೆ ಯಾವ ದೇಶದಲ್ಲಿ ಆಗಬೇಕು ಅನ್ನುವ ಜಗಳ ವರ್ಷಗಟ್ಟಲೆ ನಡೆಯಿತು. 2020ರಲ್ಲಿ ಅಂತಾರಾಷ್ಟ್ರೀಯ ನ್ಯಾಯಮಂಡಳಿ ತೀರ್ಪು ಕೊಟ್ಟಿತು. ಆ ಯೋಧರನ್ನು ಭಾರತದ ಕೋರ್ಟು ವಿಚಾರಿಸುವಂತಿಲ್ಲ, ಆದರೆ ಇಟಲಿ ಪರಿಹಾರ ಕೊಡಬೇಕು ಅಂತ. 10 ಕೋಟಿ ರೂಪಾಯಿ ಬಂದ ಮೇಲೆ 2021ರಲ್ಲಿ ಸುಪ್ರೀಂ ಕೋರ್ಟ್ ಪ್ರಕರಣ ಮುಗಿಸಿತು. ಆ ತೀರ್ಪು ನನಗೆ ಇವತ್ತಿಗೂ ಸಮಾಧಾನ ಕೊಟ್ಟಿಲ್ಲ. ಆದರೆ ಕೊನೆಗೆ ಉತ್ತರ ಕೊಡಬೇಕಾಗಿ ಬಂದದ್ದು ಬಾವುಟದ ಹಿಂದಿದ್ದ ದೇಶ. ಅದನ್ನು ಮಕ್ಕಳು ತಿಳಿಯಬೇಕು. ಬಾವುಟ ಹಾರಿಸುವುದು ಅಂದರೆ ‘ಇಲ್ಲಿ ಆಗುವುದಕ್ಕೆ ನಾವು ಜವಾಬ್ದಾರರು’ ಅಂತ ಎಲ್ಲರ ಮುಂದೆ ಒಪ್ಪಿಕೊಂಡ ಹಾಗೆ.

ಇನ್ನೊಂದು ಸಲ ಬಂದರಿಗೆ ಹೋದಾಗ ಡಾಂಬರು, ಪೆಟ್ರೋಲಿಯಂ ತರುವ ಟ್ಯಾಂಕರ್ ಇದ್ದರೆ ಸರಿಯಾಗಿ ನೋಡಿ. ಹಿಂಭಾಗದಲ್ಲಿ ಪನಾಮಾ, ಲೈಬೀರಿಯಾ ಅಥವಾ ಮಾರ್ಷಲ್ ದ್ವೀಪಗಳ ಬಾವುಟ ಇರುವುದೇ ಹೆಚ್ಚು. ಮಾಲೀಕರು ಬೇರೆಲ್ಲಿಯವರೋ ಆಗಿರುತ್ತಾರೆ. ತೆರಿಗೆ, ಖರ್ಚು ಕಡಿಮೆ ಅಂತ ಅಲ್ಲಿ ನೋಂದಣಿ ಮಾಡಿಸುತ್ತಾರೆ. ಸಮುದ್ರವೇ ಇಲ್ಲದ ಮಂಗೋಲಿಯಾದ ಬಾವುಟದಲ್ಲೂ ಹಡಗುಗಳಿವೆ. ನಕಾಶೆಯಲ್ಲಿ ತೋರಿಸಿದರೆ ಮಕ್ಕಳು ಬಾಯಿಬಿಟ್ಟು ನೋಡುತ್ತಾರೆ. ಅದೇ ಹಡಗಿನ ಮೇಲಿನ ಕಂಬದಲ್ಲಿ, ಬಲಬದಿಯಲ್ಲಿ, ನಮ್ಮ ತ್ರಿವರ್ಣ ಇರಬೇಕು. ಬೇರೆ ದೇಶದ ಬಂದರಿಗೆ ಬಂದ ಹಡಗು ಆ ದೇಶಕ್ಕೆ ತೋರಿಸುವ ಮರ್ಯಾದೆ ಅದು. ಮೂಲೆಯಲ್ಲಿ ಏನೂ ಇಲ್ಲದ ಪೂರ್ತಿ ಕೆಂಪು ಬಾವುಟ ಇದ್ದರೆ ಅಪಾಯದ ಸರಕು ಇದೆ ಅಂತ. ಪೂರ್ತಿ ಹಳದಿ ಇದ್ದರೆ ‘ನಮ್ಮ ಹಡಗಿನಲ್ಲಿ ರೋಗ ಇಲ್ಲ, ಒಳಗೆ ಬರಲು ಅನುಮತಿ ಕೊಡಿ’ ಅಂತ. ಅರ್ಧ ಬಿಳಿ, ಅರ್ಧ ಕೆಂಪು ಇದ್ದರೆ ದಾರಿ ತೋರಿಸುವ ಪೈಲಟ್ ಹಡಗಿನಲ್ಲಿದ್ದಾರೆ ಅಂತ.

ಬಾವುಟದ ಮಾತಿಗೆ ಸಮುದ್ರದಲ್ಲಿ ಎಷ್ಟು ಬೆಲೆ ಇದೆ ಅನ್ನುವುದಕ್ಕೆ ನಿಮ್ಮ ಊರಿನ ಎದುರಿಗೇ ಒಂದು ಜಾಗ ಇದೆ. ಅಂಜುದೀವ್ ದ್ವೀಪ. 1961ರ ಡಿಸೆಂಬರ್‌ವರೆಗೆ ಅದು ಪೋರ್ಚುಗೀಸರ ಕೈಯಲ್ಲಿತ್ತು. ಗೋವಾ ವಿಮೋಚನೆಯ ಹೊತ್ತಿನಲ್ಲಿ, ಡಿಸೆಂಬರ್ 18ರಂದು, ತ್ರಿಶೂಲ್ ಹಡಗಿನಿಂದ ನಮ್ಮ ನಾವಿಕರು ದ್ವೀಪಕ್ಕೆ ಇಳಿದರು. ದ್ವೀಪದಲ್ಲಿ ಬಿಳಿ ಬಾವುಟ ಏರಿತ್ತು. ಅದನ್ನು ನಂಬಿ ಹೋದವರ ಮೇಲೆ ಗುಂಡು ಹಾರಿತು ಅಂತ ನಮ್ಮ ನೌಕಾಪಡೆಯ ಇತಿಹಾಸ ಹೇಳುತ್ತದೆ. ಏಳು ಜನ ನಾವಿಕರು ಸತ್ತರು. ಮರುದಿನ ದ್ವೀಪ ನಮ್ಮ ವಶಕ್ಕೆ ಬಂತು. ಬಿಳಿ ಬಾವುಟ ತೋರಿಸಿ ಗುಂಡು ಹಾರಿಸುವುದು ಯುದ್ಧದ ನಿಯಮಗಳಲ್ಲಿ ದೊಡ್ಡ ಅಪರಾಧ. ಬಾವುಟದ ಮಾತನ್ನು ನಂಬಲಾಗದಿದ್ದರೆ ಮುಂದೆ ಯಾರೂ ಶರಣಾಗಲು ಆಗುವುದಿಲ್ಲ, ಯಾರೂ ಗುಂಡು ನಿಲ್ಲಿಸುವುದೂ ಇಲ್ಲ. ಕಾರವಾರದ ಮಕ್ಕಳು ಆ ದ್ವೀಪವನ್ನು ದೂರದಿಂದ ನೋಡುತ್ತಾ ಬೆಳೆಯುತ್ತಾರೆ. ಈ ಸಂಗತಿ ಅವರಿಗೆ ಗೊತ್ತಿರಲೇಬೇಕು.

ಈಗ ಬಣ್ಣಗಳಿಗೆ ಬರೋಣ. ಕೇಸರಿ ತ್ಯಾಗ, ಬಿಳಿ ಸತ್ಯ, ಹಸಿರು ನೆಲ ಮತ್ತು ಬೆಳೆ, ಚಕ್ರ ಧರ್ಮ ಮತ್ತು ಚಲನೆ. ಸಂವಿಧಾನ ಸಭೆಯಲ್ಲಿ ರಾಧಾಕೃಷ್ಣನ್ ವಿವರಿಸಿದ್ದು ಹೀಗೆ. ಪಾಠದಲ್ಲೂ ಇದೇ ಇದೆ. ನಾನು ಸೇರಿಸುವುದು ಒಂದೇ. ಈ ಬಾವುಟ ಒಂದೇ ದಿನ ಹುಟ್ಟಿದ್ದಲ್ಲ, ಬದಲಾಗುತ್ತಾ ಬಂದದ್ದು. 1921ರಲ್ಲಿ ಪಿಂಗಳಿ ವೆಂಕಯ್ಯನವರು ವಿಜಯವಾಡದಲ್ಲಿ ಗಾಂಧೀಜಿಗೆ ಒಂದು ಮಾದರಿ ತೋರಿಸಿದರು. ಆಮೇಲೆ ಬಳಕೆಗೆ ಬಂದದ್ದು ಬಿಳಿ, ಹಸಿರು, ಕೆಂಪು ಪಟ್ಟೆಗಳ ಮೇಲೆ ಚರಕ ಇದ್ದ ಬಾವುಟ. ಬಣ್ಣಗಳಿಗೆ ಒಂದೊಂದು ಧರ್ಮದ ಹೆಸರು ಹೇಳುತ್ತಿದ್ದರು. ಅದಕ್ಕೆ ಆಕ್ಷೇಪ ಬಂತು. 1931ರಲ್ಲಿ ಕೇಸರಿ, ಬಿಳಿ, ಹಸಿರು ಬಾವುಟವನ್ನು ಕಾಂಗ್ರೆಸ್ ಒಪ್ಪಿತು. ಈ ಬಣ್ಣಗಳಿಗೆ ಜಾತಿ ಧರ್ಮದ ಅರ್ಥ ಇಲ್ಲ ಅಂತ ಆಗಲೇ ಸ್ಪಷ್ಟ ಮಾಡಿದರು. 1947ರ ಜುಲೈ 22ರಂದು ಸಂವಿಧಾನ ಸಭೆ ಚರಕದ ಜಾಗದಲ್ಲಿ ಅಶೋಕ ಚಕ್ರ ಇಟ್ಟು ಈಗಿನ ಬಾವುಟವನ್ನು ಒಪ್ಪಿತು. ಆಗಸ್ಟ್ 14ರ ನಡುರಾತ್ರಿ ದೇಶದ ಹೆಣ್ಣುಮಕ್ಕಳ ಪರವಾಗಿ ಸಭೆಗೆ ಬಾವುಟ ಒಪ್ಪಿಸಿದವರು ಹಂಸಾ ಮೆಹತಾ. ಪ್ರಶ್ನೆ ಕೇಳಿದ ಹುಡುಗಿಗೆ ಈ ಹೆಸರು ಹೇಳಿ.

ಇದರಿಂದ ನಿಮ್ಮ ಶಾಲೆಯ ನಾಟಕಕ್ಕೂ ಒಂದು ತಿದ್ದುಪಡಿ ಬೇಕಾಗಬಹುದು. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಉಪ್ಪಿನ ಕಾನೂನು ಮುರಿದರು. ನಮ್ಮ ಜಿಲ್ಲೆಯ ಹೆಮ್ಮೆಯ ದಿನ ಅದು. ಶಾಲೆಗಳಲ್ಲಿ ಆ ದೃಶ್ಯ ಮಾಡುವಾಗ ಸತ್ಯಾಗ್ರಹಿಗಳ ಕೈಗೆ ಅಶೋಕ ಚಕ್ರದ ಬಾವುಟ ಕೊಡುವುದನ್ನು ನೋಡಿದ್ದೇನೆ. ಆಗ ಆ ಬಾವುಟ ಇರಲೇ ಇಲ್ಲ. ಇದ್ದದ್ದು ಚರಕದ ಬಾವುಟ. ಮಕ್ಕಳೇ ಬಣ್ಣ ಹಚ್ಚಿ ಒಂದು ಮಾಡಲಿ. ಆ ಬಾವುಟ ಹಿಡಿಯುವುದು ಆಗ ಸುಮ್ನೆ ಆಗುತ್ತಿರಲಿಲ್ಲ. 1923ರಲ್ಲಿ ನಾಗಪುರದಲ್ಲಿ ಬಾವುಟ ಹಿಡಿದು ಮೆರವಣಿಗೆ ಹೋಗಬಾರದು ಅಂತ ಸರ್ಕಾರ ತಡೆದಾಗ, ಬೇರೆ ಬೇರೆ ಊರಿನವರು ಹೋಗಿ ಬಾವುಟ ಹಿಡಿದು ಜೈಲು ಸೇರಿದರು. ನಮ್ಮ ಹುಬ್ಬಳ್ಳಿಯ ನಾ.ಸು. ಹರ್ಡೀಕರ್ ಅವರಲ್ಲೊಬ್ಬರು.

ಇನ್ನು ನಿಮ್ಮ ಸಿಕ್ಕಿಕೊಳ್ಳುವ ಹಗ್ಗ. ಇದಕ್ಕೆ ಮಳೆಯನ್ನು ಬೈದು ಪ್ರಯೋಜನ ಇಲ್ಲ. ಮೂರು ಕಡೆ ನೋಡಬೇಕು.

ಮೊದಲನೆಯದು ಕಂಬದ ತುದಿಯ ರಾಟೆ. ನಮ್ಮ ಉಪ್ಪುಗಾಳಿಗೆ ಕಬ್ಬಿಣದ ರಾಟೆ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿದು ತಿರುಗುವುದು ನಿಲ್ಲಿಸುತ್ತದೆ. ಹಗ್ಗ ಅದರ ಮೇಲೆ ಉಜ್ಜಿಕೊಂಡು ಹೋಗುತ್ತದೆ ಅಷ್ಟೇ. ಸ್ಟೀಲಿನದೋ ಹಿತ್ತಾಳೆಯದೋ ಹಾಕಿಸಿ, ಮಳೆಗಾಲಕ್ಕೆ ಮುಂಚೆ ಗ್ರೀಸ್ ಹಚ್ಚಿಸಿ. ಎರಡನೆಯದು ಹಗ್ಗ. ಹತ್ತಿಯ ಹಗ್ಗ ನೆನೆದರೆ ಉಬ್ಬುತ್ತದೆ, ಗಂಟು ಬಿಗಿಯುತ್ತದೆ. ನೈಲಾನ್ ಹಗ್ಗ ಒಳ್ಳೆಯದು. ಆದರೆ ಅದು ಜಾರುತ್ತದೆ, ಕೆಳಗೆ ಕಟ್ಟುವಾಗ ಒಂದು ಸುತ್ತು ಹೆಚ್ಚು ಸುತ್ತಿ.

ಮೂರನೆಯದು ಮಡಿಕೆ ಮತ್ತು ಗಂಟು. ಎಲ್ಲರೂ ಎಡವುವುದು ಇಲ್ಲೇ. ಒಳ್ಳೆಯ ಬಾವುಟದಲ್ಲಿ ಕಂಬದ ಕಡೆಗೆ ದಪ್ಪ ಬಟ್ಟೆಯ ಪಟ್ಟಿ ಇರುತ್ತದೆ. ಅದರೊಳಗೆ ಹಗ್ಗ ಹೊಲಿದಿರುತ್ತಾರೆ. ಆ ಹಗ್ಗದ ಮೇಲಿನ ತುದಿಯಲ್ಲಿ ಮರದ ಚಿಕ್ಕ ಗೂಟ, ಕೆಳಗೆ ಕುಣಿಕೆ. ಗೂಟ ಇರುವ ಕಡೆ ಕೇಸರಿ. ಇದನ್ನು ನೋಡಿ ಕಟ್ಟಿದರೆ ಬಾವುಟ ಯಾವತ್ತೂ ತಲೆಕೆಳಗಾಗುವುದಿಲ್ಲ. ಕಟ್ಟಿದ ಮೇಲೆ ಬಾವುಟವನ್ನು ಉದ್ದಕ್ಕೆ ಎರಡು ಸಲ ಮಡಚಿ. ಹೊರತುದಿಯಿಂದ ಪಟ್ಟಿಯ ಕಡೆಗೆ ಮಡಿಕೆ ಮಡಿಕೆಯಾಗಿ ತನ್ನಿ. ಬಿಗಿಯಾಗಿ ಸುತ್ತಬೇಡಿ. ಹೂವಿನ ಎಸಳು ಇಡುವುದಾದರೆ ಒಂದು ಮುಷ್ಟಿ ಸಾಕು, ಒಣಗಿದ್ದಿರಲಿ. ಸ್ವಾತಂತ್ರ್ಯ ದಿನ, ಗಣರಾಜ್ಯ ದಿನಗಳಲ್ಲಿ ಹೀಗೆ ಎಸಳು ಇಡಲು ನಿಯಮದಲ್ಲಿ ಅಡ್ಡಿ ಇಲ್ಲ. ಒದ್ದೆ ಎಸಳು ಬಟ್ಟೆಗೆ ಅಂಟಿ ಕಲೆ ಮಾಡುತ್ತದೆ. ಈಗ ಎಳೆಯುವ ಹಗ್ಗದ ಸಡಿಲ ಭಾಗದಿಂದ ಮಡಿಕೆಗೆ ಎರಡು ಸುತ್ತು ಹಾಕಿ, ಹಗ್ಗವನ್ನು ಕುಣಿಕೆ ಮಾಡಿ ಸುತ್ತಿನ ಅಡಿಗೆ ತೂರಿಸಿ. ಪೂರ್ತಿ ಗಂಟು ಹಾಕಬೇಡಿ. ಎಳೆದರೆ ಆ ಕುಣಿಕೆ ಹೊರಗೆ ಬರಬೇಕು, ಸುತ್ತು ಬಿಚ್ಚಬೇಕು. ಮೇಲಕ್ಕೆ ಏರಿಸುವ ಮುಂಚೆ ಕೆಳಗೇ ಒಂದು ಸಲ ಎಳೆದು ನೋಡಿ.

ಜೋರು ಮಳೆ ಇದ್ದರೆ ನನ್ನ ಸಲಹೆ ಬೇರೆ. ಮಡಚಿ ಕಟ್ಟುವುದೇ ಬೇಡ. ಬಿಚ್ಚಿದ ಬಾವುಟವನ್ನೇ ಕೆಳಗಿನಿಂದ ಏರಿಸಿ. ಕೆಂಪುಕೋಟೆಯಲ್ಲಿ ಆಗಸ್ಟ್ 15ಕ್ಕೆ ಪ್ರಧಾನಿ ಕೆಳಗಿನಿಂದಲೇ ಏರಿಸುವುದು. ಏರಿಸುವಾಗ ಚುರುಕಾಗಿ, ಇಳಿಸುವಾಗ ನಿಧಾನವಾಗಿ. ಇದು ಧ್ವಜ ಸಂಹಿತೆಯ ಮಾತು. ಇಳಿಸುವಾಗ ಇಬ್ಬರು ನಿಲ್ಲಲಿ, ಒಬ್ಬ ಹಗ್ಗ ಬಿಡಲಿ, ಇನ್ನೊಬ್ಬ ತೋಳಿನ ಮೇಲೆ ಹಿಡಿದುಕೊಳ್ಳಲಿ. ನೆಲಕ್ಕೆ ತಾಗಬಾರದು. ನೆನೆದ ಬಾವುಟವನ್ನು ಹಾಗೇ ಮಡಚಿ ಕಪಾಟಿಗೆ ಹಾಕಬೇಡಿ. ಒಳಗೆ ನೆರಳಿನಲ್ಲಿ ಒಣಗಿಸಿ. ನಮ್ಮ ಕರಾವಳಿಯಲ್ಲಿ ಎಷ್ಟೋ ಖಾದಿ ಬಾವುಟಗಳು ಹಾಳಾಗುವುದು ಗಾಳಿಯಿಂದಲ್ಲ, ಬೂಷ್ಟಿನಿಂದ.

ಹರಿದ ಬಾವುಟಗಳ ವಿಷಯ. ಸಮುದ್ರಕ್ಕೆ ಬಿಡಬೇಡಿ. ಊರವರ ಮನಸ್ಸು ನನಗೆ ಅರ್ಥವಾಗುತ್ತದೆ. ದೇವರ ಮೂರ್ತಿಯನ್ನು ನೀರಿಗೆ ಬಿಟ್ಟು ರೂಢಿ ಇರುವವರು ನಾವು, ಬಾವುಟಕ್ಕೂ ಅದೇ ಗೌರವ ಅಂದುಕೊಳ್ಳುತ್ತಾರೆ. ಆದರೆ ಬಾವುಟ ನೀರಿನಲ್ಲಿ ಎಳೆದಾಡಬಾರದು ಅಂತ ಸಂಹಿತೆಯೇ ಹೇಳುತ್ತದೆ. ಪಾಲಿಯೆಸ್ಟರ್ ಆದರೆ ಅದು ಕರಗುವುದೂ ಇಲ್ಲ. ನಾಳೆ ಯಾರದೋ ಬಲೆಗೆ ಕೆಸರಿನ ಜೊತೆ ಬರುತ್ತದೆ. ನಿಯಮ ಹೀಗಿದೆ: ಹಾಳಾದ ಬಾವುಟವನ್ನು ಇಡಿಯಾಗಿ, ಜನರಿಲ್ಲದ ಕಡೆ, ಗೌರವದಿಂದ, ಸಾಧ್ಯವಾದರೆ ಸುಟ್ಟು ಇಲ್ಲವಾಗಿಸಬೇಕು. ಖಾದಿ ಬಾವುಟ ಚೆನ್ನಾಗಿ ಸುಡುತ್ತದೆ. ಪಾಲಿಯೆಸ್ಟರ್ ಕರಗಿ ತೊಟ್ಟಿಕ್ಕುತ್ತದೆ, ಕೆಟ್ಟ ಹೊಗೆ ಬರುತ್ತದೆ. ಗೌರವ ಉಳಿಯುವ ಬೇರೆ ಕ್ರಮಕ್ಕೂ ನಿಯಮದಲ್ಲಿ ಅವಕಾಶ ಇದೆ. ಅದನ್ನು ಮಡಚಿ, ಶುದ್ಧ ಬಟ್ಟೆಯಲ್ಲಿ ಸುತ್ತಿ, ಯಾರೂ ತುಳಿಯದ ಜಾಗದಲ್ಲಿ ಹೂಳುವುದು ಮೇಲು ಅಂತ ನನ್ನ ಅಭಿಪ್ರಾಯ. ಪ್ರಭಾತ ಫೇರಿಯ ಕಾಗದದ ಬಾವುಟಗಳನ್ನು ಮಕ್ಕಳಿಂದ ಅಲ್ಲೇ ವಾಪಸ್ ತೆಗೆದುಕೊಳ್ಳಿ. ರಸ್ತೆಗೆ ಬಿದ್ದ ಮೇಲೆ ಹೆಕ್ಕುವುದು ಕಷ್ಟ.

ತುದಿ ಹರಿದರೆ ಕತ್ತರಿಸಿ ಅಂಚು ಹೊಲಿಯಬಹುದಾ ಅಂತಲೂ ಕೆಲವರು ಕೇಳುತ್ತಾರೆ. ಬೇಡ. ಉದ್ದ ಮತ್ತು ಎತ್ತರ 3:2 ಇರಬೇಕು. ಕತ್ತರಿಸಿದರೆ ಅಳತೆ ಕೆಡುತ್ತದೆ, ಚಕ್ರ ನಡುವಿನಿಂದ ಸರಿಯುತ್ತದೆ. ಅಂಚಿನ ಹೊಲಿಗೆ ಸ್ವಲ್ಪ ಬಿಟ್ಟ ಕೂಡಲೇ ಅದೇ ಬಣ್ಣದ ನೂಲಿನಲ್ಲಿ ಹೊಲಿದರೆ ಮುಂದೆ ಹರಿಯುವುದಿಲ್ಲ. ತೇಪೆ ಹಾಕುವ ಸ್ಥಿತಿಗೆ ಬಂದರೆ ಆ ಬಾವುಟ ಏರಿಸುವಂತಿಲ್ಲ.

ಪೋಷಕರು ಕೇಳುವ ಒಂದೆರಡು ವಿಷಯ ಬೇಗ ಹೇಳಿಬಿಡುತ್ತೇನೆ. ಮನೆಯ ಮೇಲೆ ಯಾವ ದಿನವಾದರೂ ಹಾರಿಸಬಹುದು. 2002ರ ಜನವರಿ 26ರಿಂದ ಧ್ವಜ ಸಂಹಿತೆ ಇದಕ್ಕೆ ದಾರಿ ಮಾಡಿತು. 2004ರಲ್ಲಿ ಸುಪ್ರೀಂ ಕೋರ್ಟ್ ಇದು ಮೂಲಭೂತ ಹಕ್ಕು ಅಂದಿತು. 2022ರ ಜುಲೈ ತಿದ್ದುಪಡಿಯಿಂದ ರಾತ್ರಿಯೂ ಹಾರಿಸಬಹುದು. ಆದರೆ ಜೂನ್, ಜುಲೈ ಗಾಳಿಯಲ್ಲಿ ಹಗಲೂ ರಾತ್ರಿ ಬಿಟ್ಟು ಚಿಂದಿ ಮಾಡುವುದಕ್ಕಿಂತ ಸಂಜೆ ಇಳಿಸುವುದೇ ಚೆನ್ನ. ಗೋಡೆಗೆ ಉದ್ದುದ್ದ ತೂಗು ಹಾಕಿದರೆ ನೋಡುವವರ ಎಡಕ್ಕೆ ಕೇಸರಿ ಬರಬೇಕು. ಬೋಟಿನ ಮೇಲೆ, ಗಾಡಿಯ ಮೇಲೆ ಹೊದಿಸುವಂತಿಲ್ಲ. ರಾಜ್ಯೋತ್ಸವದ ಹಳದಿ ಕೆಂಪು ಬಾವುಟವನ್ನು ಅದೇ ಕಂಬಕ್ಕೆ ಕಟ್ಟುವಂತಿಲ್ಲ. ಅದಕ್ಕೆ ಬೇರೆ ಕಂಬ ಇರಲಿ, ತ್ರಿವರ್ಣಕ್ಕಿಂತ ಎತ್ತರ ಬೇಡ.

ಹೊಸ ಬಾವುಟ ಕೊಳ್ಳುವಾಗ ಚಕ್ರ ನೋಡಿ. ಎರಡೂ ಕಡೆ ಕಾಣಬೇಕು, ಒಂದರ ಬೆನ್ನಿಗೆ ಇನ್ನೊಂದು ಸರಿಯಾಗಿ ಕೂತಿರಬೇಕು, ಗುಂಡಗಿರಬೇಕು. 24 ಕಡ್ಡಿಗಳನ್ನು ಮಕ್ಕಳೇ ಎಣಿಸಲಿ. 2021ರ ಡಿಸೆಂಬರ್ ತಿದ್ದುಪಡಿಯ ನಂತರ ಪಾಲಿಯೆಸ್ಟರ್, ಮಿಷನ್ ಬಟ್ಟೆಯೂ ನಡೆಯುತ್ತದೆ. ಮಳೆಗೆ ಬೇಗ ಒಣಗುತ್ತದೆ ಅನ್ನುವುದು ನಿಜ. ಆದರೂ ಶಾಲೆಗೆ ನಾನು ಖಾದಿಯನ್ನೇ ಹೇಳುತ್ತೇನೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಶುರುವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಐಎಸ್‌ಐ ಗುರುತಿನ ಬಾವುಟ ಮಾಡುತ್ತದೆ. ನಮ್ಮ ದೇಶದ ಮಾನಕಗಳ ಪಟ್ಟಿಯಲ್ಲಿ ಒಂದನೇ ನಂಬರು ಬಾವುಟದ್ದೇ. ಬಟ್ಟೆಯ ನೂಲು, ಬಣ್ಣ, ಹೊಲಿಗೆ ಎಲ್ಲಕ್ಕೂ ಅದರಲ್ಲಿ ಲೆಕ್ಕ ಇದೆ. ಸಂಹಿತೆಯಲ್ಲಿ ಒಂಬತ್ತು ಅಳತೆಗಳಿವೆ. ನಿಮ್ಮ ಶಾಲೆಯ ಕಂಬ ಸಣ್ಣದಾದರೆ 900×600 ಮಿಲಿಮೀಟರಿನದು ಸಾಕು. ದೊಡ್ಡದು ಚೆಂದ ಕಾಣುತ್ತದೆ, ಆದರೆ ಸಮುದ್ರದ ಗಾಳಿಗೆ ಬೇಗ ಹರಿಯುತ್ತದೆ. ಜೂನ್ ಮುಗಿಯುವುದರೊಳಗೆ ತರಿಸಿಕೊಳ್ಳಿ, ಆಗಸ್ಟ್ ಬಂತೆಂದರೆ ಎಲ್ಲರಿಗೂ ಅದೇ ಬೇಕು. ಮಡಚಿ ಕಟ್ಟುವ ಅಭ್ಯಾಸ ಮಾತ್ರ ಅದರಲ್ಲಿ ಮಾಡಿಸಬೇಡಿ. ಅದೇ ಅಳತೆಯ ಬೇರೆ ಬಟ್ಟೆ ಹೊಲಿಸಿಕೊಂಡು ಮಕ್ಕಳ ಕೈಗೆ ಕೊಡಿ.